ಹಿಂದಿನ ಸೀಟಿನ ಅಳತೆ

ಫೆಬ್ರವರಿ 9

ಅಣ್ಣ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ಮೊನ್ನೆ ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು "ಹುಚ್ಚು ಬಿಡು" ಅಂದು ಇಟ್ಟುಬಿಟ್ಟೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಇನ್ನು ಈ ವಿಷಯಕ್ಕೆ ಫೋನ್ ಮಾಡಬೇಡ, ಮಾಡಿದರೂ ಎತ್ತುವುದಿಲ್ಲ.

ನಾನು ಹೇಳಲು ಹೊರಟಿದ್ದು ಇಷ್ಟು. ಪುಟ್ಟಿ ಕೆಲಸಕ್ಕೆ ಹೋಗುವ ಪುಸ್ತಕ ಕಟ್ಟುವ ಕಾರ್ಯಾಗಾರದ ವ್ಯಾನು ನಿಂತುಹೋಗಿದೆ. ಕಳೆದ ತಿಂಗಳ ಇಪ್ಪತ್ತೇಳಕ್ಕೆ ಅದರ ಡ್ರೈವರ್ ಬಾಗಿಲಿಗೆ ಬಂದು, "ಅಮ್ಮ, ಇವತ್ತಿಂದ ಗಾಡಿ ಬರಲ್ಲ, ಗುಜರಿಗೆ ಹೋಯ್ತು. ಹೊಸದು ತರ್ತಾರೋ ಇಲ್ವೋ ನಂಗೊತ್ತಿಲ್ಲ" ಅಂದ. ಗಾಲಿಕುರ್ಚಿಯನ್ನು ಹಾಗೇ ಹತ್ತಿಸಿ ನೆಲಕ್ಕೆ ಬಿಗಿಯುವ ವ್ಯಾನು ಅದೊಂದೇ ಇತ್ತು. ಕಾರ್ಯಾಗಾರ ಇರುವುದು ಹದಿನಾಲ್ಕು ಕಿಲೋಮೀಟರು ದೂರದಲ್ಲಿ. ಬಸ್ಸಿಗೆ ಮೂರು ಮೆಟ್ಟಿಲು. ಬಾಡಿಗೆ ಗಾಡಿಯವರು ಗಾಲಿಕುರ್ಚಿ ಕಂಡರೆ ಇದ್ದಕ್ಕಿದ್ದಂತೆ ಕುರುಡರಾಗುತ್ತಾರೆ.

ಆರು ವಾರ ಹೋಗದಿದ್ದರೆ ಅಲ್ಲಿ ಹೆಸರು ಹೊಡೆದುಹಾಕುತ್ತಾರೆ. ಕಾಯುವವರ ಪಟ್ಟಿ ಉದ್ದವಿದೆ. ಅಂದರೆ ಮಾರ್ಚ್ ಒಂಬತ್ತರ ಒಳಗೆ ಅವಳನ್ನು ನಾನು ಅಲ್ಲಿಗೆ ತಲುಪಿಸಬೇಕು. ಐದು ವರ್ಷದಿಂದ ನನ್ನ ಮಗಳಿಗೆ ಅಂತ ಇರುವ ಮೇಜು ಅದು. ಅದು ಹೋದರೆ ಅವಳಿಗೆ ಉಳಿಯುವುದು ನಮ್ಮ ಮನೆಯ ಕಿಟಕಿ, ಎದುರುಮನೆಯ ಗೋಡೆ.

ಆದ್ದರಿಂದ ಹಳೆಯದೊಂದು ಸೆಡಾನ್ ಕಾರು ಕೊಳ್ಳುತ್ತೇನೆ. ಮನೆಮಂದಿಯೆಲ್ಲಾ ಕೂರುವಂಥ ಉದ್ದನೆಯ ಕಾರು. ಇದು ಕೇಳುವ ಕಾಗದ ಅಲ್ಲ, ಹೇಳುವ ಕಾಗದ. ಎಂಜಿನ್ ಬಲ್ಲವನು ನೀನೊಬ್ಬನೇ ನಮ್ಮ ಕಡೆ ಇರುವುದು. ಮನಸ್ಸಿದ್ದರೆ ಏನು ನೋಡಬೇಕು ಅಂತ ಬರೆ, ಇಲ್ಲದಿದ್ದರೆ ಬಿಡು.

ನಿನ್ನ ತಂಗಿ

*

ಫೆಬ್ರವರಿ 17

ಹಟಮಾರಿ ತಂಗಿಗೆ,

ನಿನ್ನ ಕಾಗದ ಗಣಿಯ ಕಚೇರಿಯಲ್ಲಿ ಮೂರು ದಿನ ಬಿದ್ದಿತ್ತು. ನಾನು ಜನರೇಟರ್ ಮನೆಯಿಂದ ಹೊರಗೆ ಬಂದಿರಲಿಲ್ಲ. ಎರಡನೇ ಯಂತ್ರದ ಬೇರಿಂಗು ಕೈಕೊಟ್ಟಿತ್ತು.

ಹಳೆ ಕಾರು ಅಂದರೆ ಕಾರಲ್ಲ ತಾಯಿ, ಕಾಯಿಲೆ. ಮೂವತ್ತು ವರ್ಷ ಎಂಜಿನ್ ಜೊತೆ ಸಂಸಾರ ಮಾಡಿದವನು ಹೇಳುತ್ತಿದ್ದೇನೆ. ಇವತ್ತು ರೇಡಿಯೇಟರು, ನಾಳೆ ಕ್ಲಚ್ಚು, ನಾಳಿದ್ದು ನಡುರಸ್ತೆ. ಅವಳನ್ನು ಒಳಗಿಟ್ಟುಕೊಂಡು ನಡುರಸ್ತೆಯಲ್ಲಿ ನಿಂತರೆ ಏನು ಮಾಡುತ್ತೀಯ? ಹೆಗಲ ಮೇಲೆ ಹೊತ್ತು ನಡೆಯುತ್ತೀಯಾ? ನಿನಗೂ ಐವತ್ತೆರಡು.

ನಿನ್ನ ಹಟ ನನಗೆ ಗೊತ್ತಿಲ್ಲದ್ದಲ್ಲ. ಕೊಳ್ಳುವುದೇ ಆದರೆ ಇಷ್ಟು ಮಾಡು. ಕಾರು ನೋಡಲು ಬೆಳಗ್ಗೆಯೇ ಹೋಗು, ಹೇಳದೆ ಹೋಗು. ಮೊದಲು ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ನೀನು ಬರುತ್ತೀಯ ಅಂತ ಮೊದಲೇ ಚಾಲೂ ಮಾಡಿಟ್ಟಿದ್ದಾರೆ, ವಾಪಸ್ ಬಾ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಬೆರಳಾಡಿಸು. ಮಜ್ಜಿಗೆಯಂಥ ಬಿಳಿ ಅಂಟಿದರೆ ನೀರು ಸೇರಿದೆ. ಹೊಗೆ ನೀಲಿಯಾದರೆ ಆಯಿಲ್ ಕುಡಿಯುತ್ತಿದೆ, ಬಿಳಿಯಾದರೆ ನೀರು ಕುಡಿಯುತ್ತಿದೆ. ಹೊಗೆಯ ಬಣ್ಣ ನನಗೆ ಬರೆಯದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳದೆ ಓದು. ಇಲ್ಲಿ ಬೆಟ್ಟದ ಕೆಳಗೆ, ನನ್ನ ಕ್ವಾರ್ಟರ್ಸಿನಿಂದ ಅರ್ಧ ಗಂಟೆಗೆ, ಒಂದು ಆರೈಕೆ ಕೇಂದ್ರ ಇದೆ. ಶುಚಿಯಾಗಿದೆ, ನರ್ಸುಗಳಿದ್ದಾರೆ, ನಾನೇ ಹೋಗಿ ನೋಡಿ ಬಂದೆ. ಪುಟ್ಟಿಯಂಥವರೇ ಮೂವತ್ತು ಜನ ಇದ್ದಾರೆ. ಪುಸ್ತಕದ ಪುಟ ಮಗುಚುತ್ತಾ ಕೂರುವುದನ್ನು ನೀನು ಕೆಲಸ ಅನ್ನುತ್ತೀಯ. ಪಾಪ, ಹೊತ್ತು ಹೋಗಲಿ ಅಂತ ಯಾರೋ ಕೊಟ್ಟಿದ್ದಾರೆ ಅಷ್ಟೇ. ನೀನು ಹೋದ ಮೇಲೆ ಅವಳ ಗತಿ ಏನು ಅಂತ ಯೋಚಿಸಿದ್ದೀಯಾ? ನಾನು ದಿನಾ ಯೋಚಿಸುತ್ತೇನೆ.

ನಿನ್ನ ಅಣ್ಣ

*

ಫೆಬ್ರವರಿ 26

ಅಣ್ಣ,

ನಾನು ಹೋದ ಮೇಲೆ ಅನ್ನುವುದನ್ನು ನಾನು ಹೋದ ಮೇಲೆ ಮಾತಾಡೋಣ. ಈಗ ಇನ್ನೂ ಇಲ್ಲೇ ಇದ್ದೇನೆ, ದಿನಕ್ಕೆ ಇನ್ನೂರು ಜೊತೆ ಸಮವಸ್ತ್ರ ಕತ್ತರಿಸುತ್ತೇನೆ, ಕೈ ನಡುಗುವುದಿಲ್ಲ.

ಕಾರು ಸಿಕ್ಕಿತು. ಸಿಕ್ಕಿದ ಕಥೆ ಕೇಳು. ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯುದ್ದಕ್ಕೂ ಹಳೆ ಕಾರು ಮಾರುವ ಅಂಗಳಗಳು. ರಜೆಯ ದಿನ ಪುಟ್ಟಿಯನ್ನೂ ಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಗೇಟಿನ ಹತ್ತಿರ ನೆರಳಿನಲ್ಲಿ ಅವಳನ್ನು ನಿಲ್ಲಿಸಿ ನಾನು ಟೇಪು ಹಿಡಿದು ಒಳಗೆ ಹೋದೆ. ನನಗೆ ಬೇಕಿದ್ದ ಅಳತೆ ನನ್ನ ತಲೆಯಲ್ಲಿತ್ತು. ಅವಳ ಗಾಲಿಕುರ್ಚಿಯ ಸೀಟು, ದಿಂಬು ಸೇರಿ, ನೆಲದಿಂದ ಹತ್ತೊಂಬತ್ತೂವರೆ ಇಂಚು. ಕಾರಿನ ಸೀಟೂ ಅಷ್ಟೇ ಇದ್ದರೆ ನಡುವೆ ಹಲಗೆ ಇಟ್ಟು ಅವಳು ಜಾರಿಕೊಂಡು ಬರಬಹುದು, ನಾನು ಎತ್ತಬೇಕಾಗಿಲ್ಲ. ಎತ್ತರದ ಕಾರಾದರೆ ಬೆಟ್ಟ ಹತ್ತಿಸಬೇಕು, ಚಿಕ್ಕ ಕಾರಾದರೆ ಬಾಗಿಲಲ್ಲಿ ಅವಳ ಮಂಡಿ ಹಿಡಿಸುವುದಿಲ್ಲ. ಹಳೆ ಸೆಡಾನೇ ಯಾಕೆ ಅಂತ ನೀನು ಕೇಳಲೇ ಇಲ್ಲ.

ಅಳತೆ ಸರಿಹೋದ ಮೇಲೆ ಇನ್ನೊಂದು ಪರೀಕ್ಷೆ. ಬಿಗಿಯಾದ ಕಾಲು ಮಡಚಿ ಅವಳು ಎಷ್ಟು ಉದ್ದವೋ, ಅಷ್ಟೇ ಉದ್ದಕ್ಕೆ ನಾನು ಮಂಡಿ ಮಡಚಿ ಹಿಂದಿನ ಸೀಟಿನಲ್ಲಿ ಮಲಗಿ ನೋಡುತ್ತಿದ್ದೆ. ಒಟ್ಟು ಹನ್ನೊಂದು ಕಾರಿನಲ್ಲಿ ಮಲಗಿದೆ. ಮಾರುವವನಿಗೆ ತಲೆ ಕೆಟ್ಟುಹೋಯಿತು. "ಅಮ್ಮ, ನೀವು ಕಾರ್ ತಗೊಳ್ಳೋಕೆ ಬಂದಿದೀರೋ, ಮಂಚ ತಗೊಳ್ಳೋಕೋ?" ಅಂದ. ನಾನು ಮಲಗಿಕೊಂಡೇ, "ಸ್ವಲ್ಪ ಬಾಗಿಲು ಹಾಕಪ್ಪ, ತಲೆ ತಾಗುತ್ತಾ ನೋಡೋಣ" ಅಂದೆ. "ಎಂಜಿನ್ ನೋಡಲ್ವಾ?" ಅಂದ. "ಎಂಜಿನ್ ಮೇಲೆ ಯಾರು ಮಲಗ್ತಾರೆ?" ಅಂದೆ. ಆಮೇಲೆ ಅವನು ನನ್ನ ತಂಟೆಗೆ ಬರಲಿಲ್ಲ.

ಮುಂದಿನ ಸೀಟಿನಲ್ಲಿ ಕೂರಿಸು ಅಂತ ನೀನು ಬರೆಯುವುದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಆರು ವರ್ಷವಿದ್ದಾಗ ಕಾರ್ಖಾನೆಯ ಡೆಲಿವರಿ ವ್ಯಾನಿನಲ್ಲಿ ಮುಂದೆ ಕೂರಿಸಿಕೊಂಡು ಹೋಗಿದ್ದೆ. ನಾಯಿ ಅಡ್ಡ ಬಂತು, ಬ್ರೇಕು ಹಾಕಿದೆ, ಮಗು ಜಾರಿ ಮುಂದಿನ ಕಬ್ಬಿಣಕ್ಕೆ ಗದ್ದ ಹೊಡೆದುಕೊಂಡಿತು. ಐದು ಹೊಲಿಗೆ. ಆ ಗುರುತನ್ನು ನಾನು ದಿನಾ ಮುಖ ತೊಳೆಸುವಾಗ ನೋಡುತ್ತೇನೆ. ನನ್ನ ಗಾಡಿಯಲ್ಲಿ ಅವಳು ಇನ್ನು ಮುಂದೆ ಕೂರುವುದಿಲ್ಲ. ಮಲಗಿದವರು ಜಾರುವುದಿಲ್ಲ.

ಹನ್ನೊಂದರಲ್ಲೂ ಏನೋ ಒಂದು ಕೊರತೆ. ಹನ್ನೆರಡನೆಯದು ಅಂಗಳದಲ್ಲಿರಲಿಲ್ಲ, ಒಬ್ಬ ನಿವೃತ್ತ ಹಲ್ಲಿನ ಡಾಕ್ಟರ ಮನೆಯಲ್ಲಿತ್ತು. ಹತ್ತೊಂಬತ್ತು ವರ್ಷದ್ದು, ಬೂದಿ ಬಣ್ಣ, ನಾಲ್ಕು ಮಕ್ಕಳು ಅದರ ಹಿಂದಿನ ಸೀಟಿನಲ್ಲೇ ಬೆಳೆದು ದೊಡ್ಡವರಾದರಂತೆ. ಸೀಟಿನ ಎತ್ತರ ಹತ್ತೊಂಬತ್ತೂವರೆ. ಬಾಗಿಲು ಪೂರ್ತಿ ತೆರೆಯುತ್ತದೆ. ನಾನು ಮಲಗಿದ್ದನ್ನು ಡಾಕ್ಟರು ಬಾಗಿಲ ಹತ್ತಿರ ಬಗ್ಗಿ ನೋಡಿದರು. "ಕ್ಷಮಿಸಿ, ಹೀಗೆ ಮಲಗಿದವರನ್ನ ಕಂಡ್ರೆ ಬಾಯಿ ತೆಗೀರಿ ಅನ್ನೋದು ಅಭ್ಯಾಸ" ಅಂದರು. ಎಷ್ಟು ದಿನವಾಗಿತ್ತೋ ನಾನು ಅಷ್ಟು ನಕ್ಕು.

ನಿನ್ನ ಆರೈಕೆ ಕೇಂದ್ರದ ಬಗ್ಗೆ ಇನ್ನೊಂದು ಸಾಲು ಬರೆದರೆ ಆ ಕಾಗದ ಓದುವುದಿಲ್ಲ.

ನಿನ್ನ ತಂಗಿ

*

ಮಾರ್ಚ್ 4

ಹಟಮಾರಿಗೆ,

ಇಷ್ಟುದ್ದ ಕಾಗದ ಬರೆದಿದ್ದೀಯ. ಅದರಲ್ಲಿ ಎಂಜಿನ್ ಅನ್ನುವ ಮಾತು ಬಂದಿರುವುದು ಒಂದೇ ಕಡೆ, ಅದೂ ಕುಚೋದ್ಯಕ್ಕೆ. ನಾನು ಕೇಳಿದ ಒಂದು ಪ್ರಶ್ನೆಗೂ ಉತ್ತರವಿಲ್ಲ. ಹೊಗೆಯ ಬಣ್ಣ ಬರೆದಿಲ್ಲ. ಬರೆದಿಲ್ಲ ಅಂದರೆ ನೀಲಿ ಅಂತಲೇ ಅರ್ಥ. ನಿನ್ನನ್ನು ಹುಟ್ಟಿದಾಗಿನಿಂದ ಬಲ್ಲೆ. ಶಾಲೆಯಲ್ಲಿ ಕಡಿಮೆ ಅಂಕ ಬಂದ ದಿನ ನೀನು ಆಟದ ವಿಷಯ ಹೆಚ್ಚು ಮಾತಾಡುತ್ತಿದ್ದೆ.

ಹಲ್ಲಿನ ಡಾಕ್ಟರು ನಗಿಸಿದರು ಅಂತ ಕಾರು ಕೊಳ್ಳುವವರನ್ನು ನಾನು ಈಗಲೇ ಕಾಣುತ್ತಿರುವುದು. ಹತ್ತೊಂಬತ್ತು ವರ್ಷದ ಕಾರನ್ನು ಅವರು ಯಾಕೆ ಮಾರುತ್ತಿದ್ದಾರೆ ಅಂತ ಕೇಳಿದೆಯಾ? ಟೈಮಿಂಗ್ ಬೆಲ್ಟು ಯಾವಾಗ ಬದಲಿಸಿದ್ದು? ಅದು ಹರಿದರೆ ಎಂಜಿನ್ ಅಲ್ಲೇ ಹೆಣ. ಅಷ್ಟು ಕೇಳಿ ಬರೆ. ಹದಿನೈದು ದಿನ ತಡೆದುಕೋ, ನಾನೇ ರಜೆ ಹಾಕಿ ಬಂದು ನೋಡುತ್ತೇನೆ.

ನಿನ್ನ ಅಣ್ಣ

*

ಮಾರ್ಚ್ 12

ಅಣ್ಣ,

ತಡೆದುಕೊಂಡಿದ್ದರೆ ಇಷ್ಟು ಹೊತ್ತಿಗೆ ಅವಳ ಹೆಸರಿನ ಮೇಲೆ ಗೀಟು ಬಿದ್ದಿರುತ್ತಿತ್ತು. ಕೊಂಡೆ. ಒಂಬತ್ತನೇ ತಾರೀಖು ಬೆಳಗ್ಗೆ ಎಂಟೂಮುಕ್ಕಾಲಿಗೆ ಕಾರ್ಯಾಗಾರದ ಬಾಗಿಲಲ್ಲಿ ನಿಲ್ಲಿಸಿದೆ. ಮೇಲ್ವಿಚಾರಕಿ ಹೊರಗೆ ಬಂದು ಕಾರನ್ನು ನೋಡಿದರು, ನನ್ನನ್ನು ನೋಡಿದರು. "ಇವತ್ತೇ ಕೊನೇ ದಿನ ಅಂತ ನೆನಪಿತ್ತಾ?" ಅಂದರು. "ಅದನ್ನ ಬಿಟ್ಟು ಬೇರೆ ಏನೂ ನೆನಪಿರಲಿಲ್ಲ" ಅಂದೆ.

ನಿನ್ನ ಪ್ರಶ್ನೆಗಳಿಗೆ ಉತ್ತರ ತಗೋ. ಹೊಗೆಯ ಬಣ್ಣ: ಹೊಗೆಯೇ ಇಲ್ಲ. ಮುಚ್ಚಳದಲ್ಲಿ ಮಜ್ಜಿಗೆ ಇಲ್ಲ. ಬೆಲ್ಟು ಎರಡು ವರ್ಷದ ಹಿಂದೆ ಬದಲಾಗಿದೆ, ಚೀಟಿ ಇದೆ. ಮಾರಿದ್ದು ಯಾಕೆಂದರೆ ಡಾಕ್ಟರ ಕಣ್ಣು ಮಂಜಾಗಿದೆ. ಇಷ್ಟನ್ನೂ ನಾನು ಫೆಬ್ರವರಿಯಲ್ಲೇ ಕೇಳಿದ್ದೆ. ಬರೆಯಲಿಲ್ಲ, ಯಾಕೆಂದರೆ ನೀನು ನಿನ್ನ ಸೊಸೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ, ಬರೀ ಹೊಗೆಯ ಬಗ್ಗೆ ಕೇಳಿದ್ದೆ.

ಮನೆಯ ಮಾಲೀಕ ಬಂದು, "ಇಂಥ ಹಳೇ ಗಾಡಿ ಮನೆ ಮುಂದೆ ನಿಂತ್ರೆ ನೋಡೋರಿಗೆ ಚೆನ್ನಾಗಿರಲ್ಲ" ಅಂದ. "ನೋಡೋರಿಗೆ ಬೇರೆ ಕಡೆ ನೋಡೋಕೆ ಹೇಳಿ" ಅಂದೆ. ಬಾಗಿಲಿಗೆ ಮೂರಡಿ ಬಿಟ್ಟು, ಅವನ ಗೋಡೆಗೆ ಒರಗುವ ಹಾಗೆ ನಿಲ್ಲಿಸುತ್ತೇನೆ, ದಿನಾ. ಬಂದು ಎತ್ತಿಕೊಂಡು ಹೋಗಲಿ ನೋಡೋಣ.

ಹಿಂದಿನ ಸೀಟಿಗೆ ಹೊಸ ಹೊದಿಕೆ ಹೊಲಿದೆ. ತಲೆಗೆ ಒಂದು, ಬೆನ್ನಿಗೆ ಎರಡು, ಮಂಡಿ ಕೆಳಗೆ ಒಂದು ದಿಂಬು, ಹೊಟ್ಟೆಯ ಮೇಲೆ ಅಗಲದ ಪಟ್ಟಿ. ಅಲುಗಾಡುವುದೇ ಇಲ್ಲ ಅವಳು. ಮೊದಲ ದಿನ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಸಂತೋಷಕ್ಕೆ ಬಾಯಿ ಕಟ್ಟಿರಬೇಕು ಅಂದುಕೊಂಡೆ. ಯಾರ ಕಾಲೂ ಹಿಡಿಯದೆ ನನ್ನ ಮಗಳನ್ನು ನಾನೇ ಕೆಲಸಕ್ಕೆ ಬಿಟ್ಟು ಬಂದೆ ಅಣ್ಣ. ಎಷ್ಟು ಬೇಕಾದರೂ ಉರಿದುಕೋ.

ನಿನ್ನ ತಂಗಿ

*

ಮಾರ್ಚ್ 20

ತಂಗಿಗೆ,

ಉರಿದುಕೊಳ್ಳಲಿಲ್ಲ. ಬೆಲ್ಟಿನ ಚೀಟಿ ಇದೆ ಅಂದದ್ದು ಓದಿ ನಿಟ್ಟುಸಿರು ಬಿಟ್ಟೆ. ರೇಡಿಯೇಟರಿನ ಕೂಲಂಟ್ ಬದಲಿಸು, ಮೊದಲೇ ಹೇಳಿದ್ದೇನೆ ಅಂದುಕೊಂಡಿದ್ದೆ, ಹೇಳಿರಲಿಲ್ಲ. ಸ್ಟೆಪ್ನಿಯ ಗಾಳಿ ನೋಡು. ಹಳೆ ಕಾರು ಕೊಟ್ಟವರು ಸ್ಟೆಪ್ನಿಯನ್ನು ಮುಟ್ಟಿಯೇ ಇರುವುದಿಲ್ಲ.

ಅವಳ ಬಗ್ಗೆ ಕೇಳಲಿಲ್ಲ ಅಂದೆ. ಕೇಳಿದರೆ ನೀನು ಮೈಮೇಲೆ ಬರುತ್ತೀಯ. ಹೇಗಿದ್ದಾಳೆ?

ಇನ್ನೊಂದು ವಿಷಯ ಬರೆಯುವುದಿದೆ, ಈಗ ಬೇಡ.

ನಿನ್ನ ಅಣ್ಣ

*

ಮಾರ್ಚ್ 27

ಅಣ್ಣ,

ಎಲ್ಲಾ ಸರಿ ಇದೆ. ಕೂಲಂಟ್ ಬದಲಿಸಿದೆ. ಪುಟ್ಟಿ ಚೆನ್ನಾಗಿದ್ದಾಳೆ. ಕಾರ್ಖಾನೆಯಲ್ಲಿ ಕೆಲಸ ಹೆಚ್ಚು, ಆಮೇಲೆ ಬರೆಯುತ್ತೇನೆ.

ನಿನ್ನ ತಂಗಿ

*

ಏಪ್ರಿಲ್ 3

ತಂಗಿಗೆ,

ನಾಲ್ಕೇ ವಾಕ್ಯ. ನಿನ್ನ ಕೈಯಿಂದ. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಲ್ಲವಾ? ಕಾರು ಶೆಡ್ಡಿನಲ್ಲಿ ಬಿದ್ದಿದೆ, ನನಗೆ ಹೇಳಲು ನಿನಗೆ ಬಾಯಿ ಬರುತ್ತಿಲ್ಲ. ಹೇಳಬೇಡ, ನಾನೂ ಕೆದಕುವುದಿಲ್ಲ. ನಾನು ಗೆದ್ದೆ ಅಂತ ಹಿಗ್ಗುವವನೂ ಅಲ್ಲ.

ಅವತ್ತು ಆಮೇಲೆ ಅಂದಿದ್ದ ವಿಷಯ ಇದು. ಆರೈಕೆ ಕೇಂದ್ರದಲ್ಲಿ ಪುಟ್ಟಿಯ ಹೆಸರು ಜನವರಿಯಲ್ಲೇ ಬರೆಸಿದ್ದೆ, ವ್ಯಾನು ನಿಲ್ಲುವ ಮೊದಲೇ. ನಿನ್ನನ್ನು ಕೇಳಲಿಲ್ಲ, ಕೇಳಿದರೆ ಬೇಡ ಅನ್ನುತ್ತಿದ್ದೆ. ಈಗ ಒಂದು ಹಾಸಿಗೆ ಖಾಲಿಯಾಗಿದೆ. ಈ ತಿಂಗಳ ಇಪ್ಪತ್ತೈದಕ್ಕೆ ನಾನೇ ಗಣಿಯ ಜೀಪು ತಂದು ಕರೆದುಕೊಂಡು ಹೋಗುತ್ತೇನೆ. ನೀನು ಬೈಯುತ್ತೀಯ, ಬೈದುಕೋ. ಅಪ್ಪ ಹೋದಾಗ ನಿನ್ನನ್ನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟವನು ನಾನು. ಪುಟ್ಟಿಯ ಅಪ್ಪ ಇನ್ನೊಂದು ಸಂಸಾರ ಹುಡುಕಿಕೊಂಡು ಹೋದಾಗ ದೂರದಿಂದ ಕೈ ಕಟ್ಟಿಕೊಂಡು ನೋಡಿದೆ. ಇನ್ನೊಂದು ಸಲ ನೋಡಲಾರೆ.

ಫಾರಂ ಜೊತೆಗಿಟ್ಟಿದ್ದೇನೆ. ಹದಿನೆಂಟು ದಾಟಿದವರ ಒಪ್ಪಿಗೆ ಬೇಕಂತೆ, ಕೊನೆಯ ಪುಟದಲ್ಲಿ ಚೌಕ ಇದೆ. ಅವಳ ಹೆಬ್ಬೆಟ್ಟು ಒತ್ತಿಸಿ ಕಳಿಸು.

ನಿನ್ನ ಅಣ್ಣ

*

ಏಪ್ರಿಲ್ 8

ಅಣ್ಣ,

ಜನವರಿಯಲ್ಲೇ. ವ್ಯಾನು ನಿಲ್ಲುವ ಮೊದಲೇ. ನನಗೆ ಹೊಗೆಯ ಬಣ್ಣ ನೋಡು ಅಂತ ಬರೆಯುತ್ತಾ ಕೂತಿದ್ದವನು ಬೆನ್ನ ಹಿಂದೆ ಹಾಸಿಗೆ ಕಾದಿರಿಸಿದ್ದೆ. ನನ್ನ ಮಗಳೇನು ಬಸ್ಸಿನ ಸೀಟಾ, ನೀನು ಟವೆಲ್ ಹಾಕಿ ಹಿಡಿಯಲು? ನೀನು ಅಣ್ಣ ಅಲ್ಲದಿದ್ದರೆ ಈ ಕಾಗದದಲ್ಲಿ ಬರೆಯುವ ಮಾತೇ ಬೇರೆ ಇತ್ತು.

ಕಾರು ಕೆಟ್ಟಿಲ್ಲ. ನಿನ್ನ ಗ್ಯಾಸ್ಕೆಟ್ಟನ್ನು ನೀನೇ ಇಟ್ಟುಕೋ. ಕಾರು ಬೆಳಗ್ಗೆ ಒಂದೇ ಸಲಕ್ಕೆ ಚಾಲೂ ಆಗುತ್ತದೆ, ಬಾಗಿಲಲ್ಲಿ ನಿಲ್ಲುತ್ತದೆ. ಹತ್ತುವವಳು ಹತ್ತುತ್ತಿಲ್ಲ.

ಸುಳ್ಳು ಬರೆದಿದ್ದೆ. ಮಾರ್ಚ್ ಇಪ್ಪತ್ತಮೂರರಿಂದ ಅವಳು ಕೆಲಸಕ್ಕೆ ಹೋಗಿಲ್ಲ. ಎರಡು ವಾರ ಹೋದಳು, ದಿನದಿಂದ ದಿನಕ್ಕೆ ಮುಖ ಊದಿಸಿಕೊಂಡೇ ಬಂದಳು. ಆಮೇಲೆ ಒಂದು ಬೆಳಗ್ಗೆ ಹಿಂದಿನ ಬಾಗಿಲು ತೆರೆದು ಹಲಗೆ ಇಟ್ಟರೆ ಕುರ್ಚಿಯ ಬ್ರೇಕು ಬಿಗಿ ಹಿಡಿದು ಕೂತಳು. ನೋವಾ ಅಂದೆ, ಇಲ್ಲ. ಸೆಕೆಯಾ ಅಂದೆ, ಇಲ್ಲ. ಅಲ್ಲಿ ಯಾರಾದರೂ ಏನಾದರೂ ಅಂದರಾ ಅಂದೆ, ಮುಖ ತಿರುಗಿಸಿದಳು. ಕೆಲಸ ಬೇಡವಾ ಅಂದರೆ ಕಣ್ಣು ಕೆಂಪಗೆ ಮಾಡುತ್ತಾಳೆ. ಅವಳ ಮಾತು ನಿಧಾನ, ಒಂದು ವಾಕ್ಯಕ್ಕೆ ಒಂದು ನಿಮಿಷ ಹಿಡಿಯುತ್ತದೆ, ನಿನಗೆ ಗೊತ್ತು. ಅವಳು ಶುರು ಮಾಡುತ್ತಾಳೆ, ನನಗೆ ತಿಳಿಯಿತು ಅಂತ ನಾನು ಮುಗಿಸುತ್ತೇನೆ, ಅಲ್ಲ ಅಂತ ತಲೆ ಅಲ್ಲಾಡಿಸುತ್ತಾಳೆ. ಇನ್ನೊಂದು ಸಲ ಮುಗಿಸುತ್ತೇನೆ. ಆಮೇಲೆ ಅವಳು ಗೋಡೆ ನೋಡುತ್ತಾಳೆ. ಇಪ್ಪತ್ತಾರು ವರ್ಷ ಅವಳ ಹೊಟ್ಟೆಯೊಳಗಿನ ಮಾತನ್ನು ನಾನು ಅವಳಿಗಿಂತ ಮೊದಲೇ ಹೇಳಿದವಳು. ಈ ಸಲ ಒಂದೂ ಹೊಂದುತ್ತಿಲ್ಲ.

ಮೊದಲೇ ಆರು ವಾರ ತಪ್ಪಿಸಿದ್ದರಿಂದ ಈ ಸಲ ಮೇಲ್ವಿಚಾರಕಿ ಇಪ್ಪತ್ತನೇ ತಾರೀಖಿನವರೆಗಷ್ಟೇ ಕಾಯುತ್ತಾರಂತೆ. ಆಮೇಲೆ ಅವರ ಕೈಯಲ್ಲೂ ಇಲ್ಲ.

ಹೆದರಿಕೆಯನ್ನೂ ಹೇಳಿಬಿಡುತ್ತೇನೆ, ನೀನು ಅದನ್ನು ಹಿಡಿದುಕೊಂಡು ನನ್ನ ಮೇಲೆ ಬರುತ್ತೀಯ ಅಂತ ಗೊತ್ತಿದ್ದೂ. ಅವಳಿಗೆ ನಾನೇ ಸಾಕಾಗಿದ್ದೇನೇನೋ. ನಿನ್ನ ಕೇಂದ್ರವೇ ಬೇಕಾಗಿದೆಯೇನೋ. ಆದರೆ ಕೇಳು, ಫಾರಂ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದೆ, ಅಲ್ಲೇ ಇರುತ್ತದೆ. ಅವಳ ಹೆಬ್ಬೆಟ್ಟನ್ನು ಹಿಡಿದು ನಾನು ಎಲ್ಲೂ ಒತ್ತಿಸುವುದಿಲ್ಲ. ಇಪ್ಪತ್ತೈದಕ್ಕೆ ನಿನ್ನ ಜೀಪು ಬಂದರೆ ಬಾಗಿಲಿಗೆ ಅಡ್ಡ ನನ್ನ ಕಾರು ನಿಂತಿರುತ್ತದೆ.

ನಿನ್ನ ತಂಗಿ

*

ಏಪ್ರಿಲ್ 13

ತಂಗಿಗೆ,

ಬೈದದ್ದೆಲ್ಲಾ ಸರಿ, ಒಪ್ಪಿಕೊಂಡೆ. ಕೇಳಬೇಕಿತ್ತು, ಕೇಳಲಿಲ್ಲ. ಆದರೆ ನಿನ್ನ ಕಾಗದವನ್ನು ಇನ್ನೊಂದು ಸಲ ನೀನೇ ಓದು. ಅವಳು ಹೋಗುತ್ತಿಲ್ಲ, ಬಲವಂತಕ್ಕೂ ಬಗ್ಗುತ್ತಿಲ್ಲ. ಬೇಡ ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಅವಳು ಒಪ್ಪಿದಂತೆಯೇ ಆಯಿತು. ಹೆಬ್ಬೆಟ್ಟು ಒಂದೇ ಬಾಕಿ.

ಇಪ್ಪತ್ತೈದಕ್ಕೆ ಬರುತ್ತೇನೆ. ಬಾಗಿಲಿಗೆ ಕಾರು ಅಡ್ಡ ನಿಲ್ಲಿಸಿದರೆ ಒಂದು ಸಲ ಬಾನೆಟ್ ತೆಗೆದು ನೋಡಿದ ಹಾಗೂ ಆಗುತ್ತದೆ.

ನಿನ್ನ ಅಣ್ಣ

*

ಏಪ್ರಿಲ್ 18

ಮಾವ,

ಇದು ನಾನು. ಕಾರ್ಯಾಗಾರದ ಕಂಪ್ಯೂಟರಿನಲ್ಲಿ ಒಂದು ಬೆರಳಿನಲ್ಲಿ ಬರೆದಿದ್ದೇನೆ. ನಾಲ್ಕು ದಿನದ ಊಟದ ಬಿಡುವು ಹಿಡಿಯಿತು. ಇಲ್ಲಿ ನನ್ನ ವಾಕ್ಯವನ್ನು ಯಾರೂ ಮುಗಿಸುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ನಿಮ್ಮ ಮತ್ತು ಅಮ್ಮನ ಕಾಗದಗಳನ್ನು ನಾನು ಓದಿದ್ದೇನೆ. ನಿಮ್ಮದು ಬಂದ ದಿನ, ಅಮ್ಮನದು ಅಂಚೆಗೆ ಹೋಗುವ ಮೊದಲು. ಅಮ್ಮ ಕಾಗದವನ್ನು ಮನೆಯಲ್ಲಿ ನನ್ನ ಪಕ್ಕದ ಮೇಜಿನ ಮೇಲೇ ಬಿಟ್ಟು ಸ್ಟಾಂಪು ತರಲು ಹೋಗುತ್ತಾರೆ. ಓದುತ್ತೇನೆ ಅಂತ ಅವರಿಗೆ ಹೊಳೆದಿಲ್ಲ. ನಿಮಗೂ ಹೊಳೆದಿಲ್ಲ.

ಮೊದಲು ನನ್ನ ಕೆಲಸ. ನಾನು ಪುಟ ಮಗುಚುತ್ತಾ ಕೂರುವುದಿಲ್ಲ. ಹೊಲಿಗೆಗೆ ಹೋಗುವ ಮೊದಲು ಪ್ರತಿ ಪುಸ್ತಕದ ಪುಟಗಳು ಸರಿಯಾದ ಕ್ರಮದಲ್ಲಿವೆಯಾ, ಒಂದು ಹಾಳೆ ತಪ್ಪಿದೆಯಾ, ತಲೆಕೆಳಗಾಗಿದೆಯಾ ಅಂತ ನೋಡುತ್ತೇನೆ. ದಿನಕ್ಕೆ ನೂರ ಅರವತ್ತು ಪುಸ್ತಕ. ನಾನು ಬರದಿದ್ದ ವಾರಗಳಲ್ಲಿ ನಲವತ್ತು ಪುಸ್ತಕ ತಪ್ಪಾಗಿ ಹೊಲಿದು ಹೋದವು, ಗ್ರಂಥಾಲಯದವರು ವಾಪಸ್ ಕಳಿಸಿದರು. ಮೇಲ್ವಿಚಾರಕಿ ಇಪ್ಪತ್ತರವರೆಗೆ ಕಾದದ್ದು ಪಾಪ ಅಂತ ಅಲ್ಲ.

ಎರಡನೆಯದು ಕಾರು. ವ್ಯಾನಿನಲ್ಲಿ ನಾನು ಕೂತು ಹೋಗುತ್ತಿದ್ದೆ. ಐದು ವರ್ಷ, ಎಲ್ಲರಂತೆ, ರಸ್ತೆ ನೋಡುತ್ತಾ. ಅಮ್ಮ ಹನ್ನೆರಡು ಕಾರಿನಲ್ಲಿ ತಾವು ಮಲಗಿ ನೋಡಿದರು. ನಾನು ಗೇಟಿನ ಹತ್ತಿರ ಕುರ್ಚಿಯಲ್ಲಿದ್ದೆ. ಒಂದರಲ್ಲೂ ನನ್ನನ್ನು ಕೂರಿಸಿ ನೋಡಲಿಲ್ಲ. ಆಮೇಲೆ ನಾಲ್ಕು ದಿಂಬಿನ ನಡುವೆ ಪಟ್ಟಿ ಬಿಗಿದು ಬಟ್ಟೆಯ ಥಾನಿನ ಹಾಗೆ ಕರೆದುಕೊಂಡು ಹೋದರು. ಮಲಗಿದರೆ ನನಗೆ ಕಾಣುವುದು ಕಾರಿನ ಒಳಗಿನ ಛಾವಣಿ ಮತ್ತು ದೀಪದ ಕಂಬಗಳ ತುದಿ. ಬಾಗಿಲಲ್ಲಿ ನನ್ನ ಜೊತೆ ಕೆಲಸ ಮಾಡುವವರು ನಿಂತು, ನನ್ನನ್ನು ತೋಳು ಹಿಡಿದು ಎಳೆದು ಎಬ್ಬಿಸುವುದನ್ನು ದಿನಾ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಕಷ್ಟವಾಯಿತು.

ಅಮ್ಮನಿಗೆ ಹೇಳಲು ನೋಡಿದೆ. ಅವರು ಪ್ರತಿ ಸಲ ಬೇರೆ ಏನನ್ನೋ ಹೇಳಿ ಮುಗಿಸಿದರು. ಅದಕ್ಕೇ ಹತ್ತಲಿಲ್ಲ. ನೀವು ಅದನ್ನು ನಿಮ್ಮ ಕೇಂದ್ರಕ್ಕೆ ಒಪ್ಪಿಗೆ ಅಂತ ಓದಿದಿರಿ. ಅಮ್ಮ ತಮ್ಮ ಮೇಲಿನ ಬೇಸರ ಅಂತ ಓದಿದರು. ಇಬ್ಬರೂ ನನ್ನ ಬಗ್ಗೆ ಇಷ್ಟು ಕಾಗದ ಬರೆದಿದ್ದೀರಿ, ನನಗೆ ಒಂದೂ ಬರೆಯಲಿಲ್ಲ.

ಹದಿಮೂರನೇ ತಾರೀಖು ಬೆಳಗ್ಗೆ ನಾನು ಕುರ್ಚಿಯನ್ನು ಕಾರಿನ ಮುಂದಿನ ಬಾಗಿಲ ಹತ್ತಿರ ಒಯ್ದು ಬ್ರೇಕು ಹಾಕಿದೆ. ಅಮ್ಮ, "ಆಗಲ್ಲ, ಆ ಸೀಟಿನ ಮಾತೇ ಎತ್ತಬೇಡ" ಅಂದರು. ನಾನು ನನ್ನ ಗದ್ದದ ಹೊಲಿಗೆಯ ಗುರುತು ಮುಟ್ಟಿ ತೋರಿಸಿದೆ. ಆಮೇಲೆ ಹೇಳಿದೆ. ಅರ್ಧಕ್ಕೆ ಅವರು ಬಾಯಿ ತೆರೆದರು, ನಾನು ಕೈ ಎತ್ತಿ ಅಡ್ಡ ಹಿಡಿದೆ. ಈ ಸಲ ಅವರು ಪೂರ್ತಿ ಕೇಳಿದರು. ನಾನು ಹೇಳಿದ್ದು ಇಷ್ಟೇ: "ಆಗ ಬೆಲ್ಟು ಹಾಕಿರಲಿಲ್ಲ. ಈಗ ಹಾಕು. ಬಿದ್ದವಳು ನಾನು, ನಂಗೇ ಭಯ ಇಲ್ಲ."

ಅಮ್ಮ ಅತ್ತರು, ಅದನ್ನು ಅವರು ನಿಮಗೆ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಆಮೇಲೆ ಟೇಪು ತಂದು ಮುಂದಿನ ಸೀಟು ಅಳೆದರು. ಅರ್ಧ ಇಂಚು ತಗ್ಗು. ಹಿಂದಿನ ದಿಂಬೊಂದನ್ನು ತಂದು ಹಾಕಿದರು. ಸೀಟನ್ನು ಕೊನೆಯವರೆಗೂ ಹಿಂದಕ್ಕೆ ಸರಿಸಿದರೆ ನನ್ನ ಕಾಲು ನೀಟಾಗಿ ಹಿಡಿಯುತ್ತದೆ. ಹಲಗೆಯ ಮೇಲೆ ಜಾರಿ ಕೂತೆ, ಬೆಲ್ಟು ಹಾಕಿದರು, ಮೂರು ಸಲ ಎಳೆದು ನೋಡಿದರು. ದಾರಿಯಲ್ಲಿ ಎಷ್ಟು ನಿಧಾನ ಓಡಿಸಿದರೆಂದರೆ, "ಅಮ್ಮ, ಸೈಕಲ್‌ನೋರು ನಮ್ಮನ್ನ ಹಿಂದೆ ಹಾಕ್ತಿದಾರೆ" ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಇನ್ನಿಬ್ಬರು ದಾಟಿಹೋದರು. ಅವರು ನಡುವೆ ಬಾಯಿ ಹಾಕಲಿಲ್ಲ. ಅವತ್ತಿನಿಂದ ದಿನಾ ಬರುತ್ತಿದ್ದೇನೆ. ನನ್ನ ಮೇಜು ನನಗೆ ಉಳಿದಿದೆ.

ನೀವು ನನ್ನ ಬಗ್ಗೆ ದಿನಾ ಯೋಚಿಸುತ್ತೀರಿ ಅಂತ ಬರೆದಿದ್ದಿರಿ. ಅದು ನಿಜ ಅಂತ ನನಗೆ ಗೊತ್ತು. ಅಮ್ಮ ಹೋದ ಮೇಲೆ ಏನು ಅಂತ ನಾನೂ ಯೋಚಿಸುತ್ತೇನೆ, ನಿಮಗಿಂತ ಹೆಚ್ಚು. ಆ ಮಾತನ್ನು ನನ್ನ ಜೊತೆ ಆಡಿ. ಇಪ್ಪತ್ತೈದಕ್ಕೆ ಜೀಪು ಬೇಡ, ಬಸ್ಸಿನಲ್ಲಿ ಬನ್ನಿ. ನಿಲ್ದಾಣಕ್ಕೆ ನಾವೇ ಬರುತ್ತೇವೆ. ಹಿಂದಿನ ಸೀಟು ಪೂರ್ತಿ ಖಾಲಿ ಇದೆ, ನಿಮಗೆ ಬೇಕಾದರೆ ಮಲಗಿಕೊಂಡೂ ಬರಬಹುದು.

ಫಾರಂ ಡ್ರಾಯರಿನಿಂದ ತೆಗೆದುಕೊಂಡೆ, ಇದರ ಜೊತೆ ಕಳಿಸಿದ್ದೇನೆ. ಕೊನೆಯ ಪುಟದ ಚೌಕದಲ್ಲಿ ನೀವು ಹೆಬ್ಬೆಟ್ಟು ಕೇಳಿದ್ದಿರಿ. ನನಗೆ ಬರೆಯಲು ಬರುತ್ತದೆ ಮಾವ. ಪೆನ್ನು ಹಿಡಿದು ಬರೆಯಲು ಎಂಟು ನಿಮಿಷ ಹಿಡಿಯಿತು, ಅಕ್ಷರ ಚೌಕದಿಂದ ಹೊರಗೆ ಹೋಗಿದೆ. "ಇಲ್ಲ" ಅಂತ ಬರೆದಿದ್ದೇನೆ.

ಪುಟ ಪರಿಶೀಲಕಿ,
ಪುಸ್ತಕ ಕಟ್ಟುವ ಕಾರ್ಯಾಗಾರ